ಮುರಿದ ವೈರಸ್ ಕಟ್ಟುವ ಗಂಟು: ಮರ್ಕೆಲ್ ಸೆಲ್ ಕಾರ್ಸಿನೋಮಾ ಬೆಳೆಯುವ ಬಗೆ

ಮರ್ಕೆಲ್ ಸೆಲ್ ಪಾಲಿಯೋಮಾ ವೈರಸ್‌ನ ಇಡೀ ಡಿಎನ್‌ಎ ಸುಮಾರು 5,400 ಅಕ್ಷರಗಳಷ್ಟೇ. ಮನುಷ್ಯನ ಜೀನೋಮ್‌ನಲ್ಲಿ 300 ಕೋಟಿ ಅಕ್ಷರಗಳಿವೆ. ಅಷ್ಟು ದೊಡ್ಡ ಬರಹದ ನಡುವೆ ಈ ಐದು ಸಾವಿರ ಚಿಲ್ಲರೆ ಅಕ್ಷರಗಳ ತುಣುಕು ಸೇರಿಕೊಂಡರೆ, ಅದೂ ಹರಿದ ಸ್ಥಿತಿಯಲ್ಲಿ ಸೇರಿಕೊಂಡರೆ, ಚರ್ಮದಲ್ಲಿ ಬಲು ಉಗ್ರವಾದ ಒಂದು ಕ್ಯಾನ್ಸರ್ ಹುಟ್ಟಬಲ್ಲದು. ಅದರ ಹೆಸರು ಮರ್ಕೆಲ್ ಸೆಲ್ ಕಾರ್ಸಿನೋಮಾ.

ಈ ವೈರಸ್ ಎಲ್ಲೋ ದೂರದ ಕಾಡಿನಿಂದ ಬಂದದ್ದಲ್ಲ. ವಯಸ್ಕರಲ್ಲಿ ಬಹುಪಾಲು ಜನರ ರಕ್ತದಲ್ಲಿ ಇದರ ವಿರುದ್ಧದ ಪ್ರತಿಕಾಯಗಳು ಸಿಗುತ್ತವೆ. ಹೆಚ್ಚಿನವರಿಗೆ ಇದು ಬಾಲ್ಯದಲ್ಲೇ ಅಂಟಿರುತ್ತದೆ. ಜ್ವರವಿಲ್ಲ, ಗುಳ್ಳೆಯಿಲ್ಲ, ಬಂದದ್ದೇ ಗೊತ್ತಾಗುವುದಿಲ್ಲ. ಆಮೇಲೆ ಜೀವನಪೂರ್ತಿ ಚರ್ಮದಲ್ಲಿ ಸದ್ದಿಲ್ಲದೆ ಉಳಿದು, ಆಗಾಗ ಹೊಸ ವೈರಸ್ ಕಣಗಳನ್ನು ಉದುರಿಸುತ್ತಿರುತ್ತದೆ. ಕ್ಯಾನ್ಸರ್ ಮಾತ್ರ ತೀರಾ ವಿರಳ: ಅಮೆರಿಕದ ಲೆಕ್ಕದಲ್ಲಿ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಒಬ್ಬರಿಗೂ ಬರುವುದಿಲ್ಲ, ಸರಾಸರಿ 0.7. ಎಲ್ಲರಲ್ಲೂ ಇರುವ ವೈರಸ್ ಇಷ್ಟು ಕೆಲವರಲ್ಲಿ ಮಾತ್ರ ಯಾಕೆ ಹೀಗೆ ತಿರುಗಿಬೀಳುತ್ತದೆ? ಆರೋಗ್ಯವಾಗಿರುವ ವೈರಸ್ ಈ ಕ್ಯಾನ್ಸರ್ ಮಾಡುವುದೇ ಇಲ್ಲ. ಕೆಟ್ಟುಹೋದ ವೈರಸ್ ಮಾಡುತ್ತದೆ. ಅದು ಯಾವ ರೀತಿಯಲ್ಲಿ ಕೆಟ್ಟಿರಬೇಕು, ಕೆಟ್ಟ ಮೇಲೂ ಅದರ ಯಾವ ಎರಡು ಪ್ರೋಟೀನುಗಳು ಉಳಿದಿರಬೇಕು ಎಂಬುದು ಇವತ್ತು ಸಾಕಷ್ಟು ಖಚಿತವಾಗಿ ಗೊತ್ತಿದೆ.

ಗಂಟಿನೊಳಗೆ ವೈರಸ್ ಸಿಕ್ಕಿದ ಕತೆ

ಜರ್ಮನಿಯ ಅಂಗರಚನಾ ತಜ್ಞ ಫ್ರೀಡ್ರಿಕ್ ಮರ್ಕೆಲ್ 1875ರಲ್ಲಿ ಚರ್ಮದ ಹೊರಪದರದ ಬುಡದಲ್ಲಿ ನರದ ತುದಿಗಳಿಗೆ ಒತ್ತಿಕೊಂಡಿರುವ ಕೆಲವು ಕೋಶಗಳನ್ನು ವರ್ಣಿಸಿದರು. ಮೃದುವಾದ ಸ್ಪರ್ಶ ನಮಗೆ ತಿಳಿಯುವುದು ಇವುಗಳ ನೆರವಿನಿಂದ. 1972ರಲ್ಲಿ ಸಿರಿಲ್ ಟೋಕರ್ ಎಂಬ ರೋಗಶಾಸ್ತ್ರಜ್ಞರು ಐವರು ರೋಗಿಗಳಲ್ಲಿ ಕಂಡ ವಿಚಿತ್ರ ಚರ್ಮದ ಕ್ಯಾನ್ಸರ್ ಒಂದನ್ನು ಪ್ರಕಟಿಸಿದರು. ಆ ಗಡ್ಡೆಯ ಕೋಶಗಳು ಮರ್ಕೆಲ್ ಕೋಶಗಳನ್ನು ಹೋಲುತ್ತವೆ ಎಂಬ ಕಾರಣಕ್ಕೆ ಮುಂದೆ ಈ ಹೆಸರು ಅಂಟಿಕೊಂಡಿತು. ಹೋಲಿಕೆ ಇದೆ ನಿಜ, ಆದರೆ ಕ್ಯಾನ್ಸರ್ ಹುಟ್ಟುವುದು ಮರ್ಕೆಲ್ ಕೋಶದಿಂದಲೇ ಎಂದು ಹೆಸರು ನೋಡಿ ತೀರ್ಮಾನಿಸಬಾರದು. ಬೆಳೆದು ನಿಂತ ಮರ್ಕೆಲ್ ಕೋಶ ಮತ್ತೆ ವಿಭಜನೆಯಾಗುವುದಿಲ್ಲ, ಹಾಗಾಗಿ ಅದು ಮೂಲವಾಗಿರುವ ಸಾಧ್ಯತೆ ಕಡಿಮೆ.

ವೈರಸ್ ಇರಬಹುದೆಂಬ ಅನುಮಾನ ಹುಟ್ಟಿಸಿದ್ದು ರೋಗಿಗಳ ಪಟ್ಟಿ. ಎಚ್‌ಐವಿ ಇರುವವರಲ್ಲಿ ಈ ಕ್ಯಾನ್ಸರ್ ಸುಮಾರು 13 ಪಟ್ಟು ಹೆಚ್ಚು ಎಂದು 2002ರಲ್ಲಿ ವರದಿಯಾಯಿತು. ಅಂಗಾಂಗ ಕಸಿ ಮಾಡಿಸಿಕೊಂಡವರಲ್ಲೂ ಹೆಚ್ಚು. ರೋಗನಿರೋಧಕ ಶಕ್ತಿ ಕುಗ್ಗಿದಾಗ ತಲೆಯೆತ್ತುವ ಕ್ಯಾನ್ಸರಿನ ಹಿಂದೆ ಎಷ್ಟೋ ಬಾರಿ ವೈರಸ್ ಇರುತ್ತದೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ದಂಪತಿಗೆ ಇದು ಪರಿಚಿತ ದಾರಿಯೇ. ಕಪೋಸಿ ಸಾರ್ಕೋಮಾ ತರುವ ಹರ್ಪಿಸ್ ವೈರಸ್ಸನ್ನು 1994ರಲ್ಲಿ ಕಂಡುಹಿಡಿದವರೂ ಅವರೇ.

ಹುಚೆನ್ ಫೆಂಗ್, ಮಸಾಹಿರೊ ಶುಡಾ ಅವರೊಂದಿಗೆ ಸೇರಿ ಅವರು ಬಳಸಿದ ಉಪಾಯ ಸರಳವಾದ ಕಳೆಯುವ ಲೆಕ್ಕ. ಗಡ್ಡೆಯಲ್ಲಿ ಆಗ ಓಡುತ್ತಿರುವ ಜೀನುಗಳ ಸಂದೇಶವೆಲ್ಲ ಆರ್‌ಎನ್‌ಎ ರೂಪದಲ್ಲಿರುತ್ತದೆ. ಅದನ್ನು ಡಿಎನ್‌ಎಗೆ ತಿರುಗಿಸಿ, ಸುಮಾರು ನಾಲ್ಕು ಲಕ್ಷ ತುಣುಕುಗಳನ್ನು ಓದಿದರು. ಮನುಷ್ಯನ ಜೀನೋಮ್ ಅಷ್ಟರಲ್ಲಿ ಬಹುಮಟ್ಟಿಗೆ ಓದಿಯಾಗಿತ್ತು. ಅದಕ್ಕೆ ಹೊಂದುವ ತುಣುಕುಗಳನ್ನೆಲ್ಲ ಕಂಪ್ಯೂಟರ್ ಕಳೆದುಹಾಕಿತು. ಉಳಿದ ಅಲ್ಪಸ್ವಲ್ಪದಲ್ಲಿ ಒಂದು ತುಣುಕು ಆಗಲೇ ಗೊತ್ತಿದ್ದ ಪಾಲಿಯೋಮಾ ವೈರಸ್‌ಗಳ ಪ್ರೋಟೀನೊಂದಕ್ಕೆ ಹೋಲುತ್ತಿತ್ತು. ನಾಲ್ಕು ಲಕ್ಷದಲ್ಲಿ ಒಂದು! ಅದನ್ನೇ ಎಳೆಯಾಗಿ ಹಿಡಿದು ಎಳೆದಾಗ ಹೊಸ ವೈರಸ್‌ನ ಪೂರ್ತಿ ಜೀನೋಮ್ ಬಂತು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 10 ಗಡ್ಡೆಗಳ ಪೈಕಿ 8ರಲ್ಲಿ ಈ ವೈರಸ್ ಇತ್ತು.

ನಂಬಿಕೆ ಹುಟ್ಟಿಸಿದ್ದು 8 ಎಂಬ ಸಂಖ್ಯೆಯಲ್ಲ, ವೈರಸ್ ಕೂತಿದ್ದ ರೀತಿ. ಆ ಎಂಟರಲ್ಲಿ ಆರು ಗಡ್ಡೆಗಳಲ್ಲಿ ವೈರಸ್‌ನ ಡಿಎನ್‌ಎ ಕೋಶದ ವರ್ಣತಂತುವಿನೊಳಗೇ ಹೆಣೆದುಕೊಂಡಿತ್ತು, ಒಂದು ಗಡ್ಡೆಯ ಕೋಶಗಳಲ್ಲೆಲ್ಲ ಒಂದೇ ಜಾಗದಲ್ಲಿ. ವೈರಸ್ ಆಮೇಲೆ ಬಂದು ಗಡ್ಡೆಯಲ್ಲಿ ಬೀಡುಬಿಟ್ಟಿದ್ದರೆ ಒಂದೊಂದು ಕೋಶದಲ್ಲಿ ಒಂದೊಂದು ಕಡೆ ಸಿಗಬೇಕಿತ್ತು. ಎಲ್ಲದರಲ್ಲೂ ಒಂದೇ ಕಡೆ ಇದೆ ಎಂದರೆ, ಮೊದಲು ಒಂದು ಕೋಶದಲ್ಲಿ ವೈರಸ್ ಹೆಣೆದುಕೊಂಡಿದೆ, ಆ ಕೋಶದ ಸಂತತಿಯೇ ಇಡೀ ಗಡ್ಡೆ. ಒಬ್ಬ ರೋಗಿಯ ಮೂಲ ಗಡ್ಡೆಯಲ್ಲೂ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹರಡಿದ ಗಡ್ಡೆಯಲ್ಲೂ ಹೊಲಿಗೆ ಒಂದೇ ತರಹ ಇತ್ತು.

ಒಂದು ಜೀನು, ಎರಡು ಪ್ರೋಟೀನು

ವೈರಸ್‌ನ ಸಹಜ ಬದುಕನ್ನು ಮೊದಲು ನೋಡಬೇಕು. ಅದರ ಡಿಎನ್‌ಎ ಬಳೆಯಂತೆ ದುಂಡಗಿದೆ. ಅದರ ಅರ್ಧದಲ್ಲಿ ಹೊರಕವಚದ ಪ್ರೋಟೀನುಗಳ ಸೂಚನೆ, ಇನ್ನರ್ಧದಲ್ಲಿ ‘ಟಿ’ ಪ್ರೋಟೀನುಗಳ ಸೂಚನೆ. ಇಲ್ಲಿ ಟಿ ಎಂದರೆ ಟ್ಯೂಮರ್, ಅಂದರೆ ಗಡ್ಡೆ. ರೋಗನಿರೋಧಕ ವ್ಯವಸ್ಥೆಯ ಟಿ-ಕೋಶಕ್ಕೂ ಇದಕ್ಕೂ ಸಂಬಂಧವಿಲ್ಲ. ಮುಂದೆ ಎರಡೂ ಒಟ್ಟಿಗೆ ಬರುವುದರಿಂದ ಈಗಲೇ ಬಿಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಟಿ ಜೀನಿನ ಸಂದೇಶವನ್ನು ಕೋಶ ಬೇರೆ ಬೇರೆ ರೀತಿಯಲ್ಲಿ ಕತ್ತರಿಸಿ ಜೋಡಿಸುತ್ತದೆ. ಒಂದು ರೀತಿಯಲ್ಲಿ ಜೋಡಿಸಿದರೆ 800ಕ್ಕೂ ಹೆಚ್ಚು ಅಮೈನೊ ಆಮ್ಲಗಳ (ಪ್ರೋಟೀನು ಕಟ್ಟುವ ಇಟ್ಟಿಗೆಗಳು) ‘ಲಾರ್ಜ್ ಟಿ’. ಇನ್ನೊಂದು ರೀತಿಯಲ್ಲಿ 186 ಅಮೈನೊ ಆಮ್ಲಗಳ ‘ಸ್ಮಾಲ್ ಟಿ’. ಎರಡರ ತಲೆಭಾಗದ ಸುಮಾರು 80 ಅಮೈನೊ ಆಮ್ಲಗಳು ಒಂದೇ, ಬಾಲ ಬೇರೆ ಬೇರೆ.

ಇಷ್ಟು ಚಿಕ್ಕ ವೈರಸ್‌ಗೆ ಡಿಎನ್‌ಎ ನಕಲು ಮಾಡುವ ಸ್ವಂತ ಯಂತ್ರವಿಲ್ಲ. ಆ ಯಂತ್ರ ಕೋಶದಲ್ಲಿದೆ, ಆದರೆ ಕೋಶ ವಿಭಜನೆಗೆ ಸಿದ್ಧವಾದಾಗ ಮಾತ್ರ ಅದು ಚಾಲೂ ಆಗುತ್ತದೆ. ಸುಮ್ಮನೆ ಕೂತಿರುವ ಕೋಶವನ್ನು ಎಬ್ಬಿಸಿ, ಡಿಎನ್‌ಎ ನಕಲಿನ ಸ್ಥಿತಿಗೆ ತಳ್ಳಬೇಕು. ಲಾರ್ಜ್ ಟಿಯ ಮುಂಭಾಗದ ಕೆಲಸ ಅದು. ಹಿಂಭಾಗದ ಕೆಲಸ ಇನ್ನೊಂದು: ವೈರಸ್ ಡಿಎನ್‌ಎಯಲ್ಲಿ ನಕಲು ಶುರುವಾಗುವ ಜಾಗವನ್ನು ಹಿಡಿದು, ಆ ಎರಡೆಳೆಯ ಹಗ್ಗವನ್ನು ಬಿಚ್ಚಿ, ಕೋಶದ ಯಂತ್ರವನ್ನು ಅಲ್ಲಿಗೆ ಕರೆತರುವುದು. ಎಲ್ಲ ಸರಿಯಾಗಿ ನಡೆದರೆ ಹೊಸ ವೈರಸ್ ಕಣಗಳು ಹುಟ್ಟುತ್ತವೆ, ಕೋಶ ಸಾಯುತ್ತದೆ. ಸತ್ತ ಕೋಶ ಕ್ಯಾನ್ಸರ್ ಆಗಲಾರದು. ಆರೋಗ್ಯವಂತ ವೈರಸ್ ನಿರುಪದ್ರವಿ ಎಂದದ್ದು ಇದೇ ಅರ್ಥದಲ್ಲಿ.

ಎರಡು ಅವಘಡ

ಮೊದಲ ಅವಘಡ, ವೈರಸ್‌ನ ಬಳೆ ಎಲ್ಲೋ ಒಂದು ಕಡೆ ಒಡೆದು, ಕೋಶದ ವರ್ಣತಂತುವಿನಲ್ಲಿದ್ದ ಬಿರುಕಿಗೆ ಹೊಲಿದುಕೊಳ್ಳುವುದು. ಇಂಥದ್ದೇ ಜಾಗ ಎಂಬ ನಿಯಮವಿಲ್ಲ, ಗಡ್ಡೆಯಿಂದ ಗಡ್ಡೆಗೆ ಸ್ಥಳ ಬೇರೆ. ವೈರಸ್‌ಗೆ ಇದರಿಂದ ಲಾಭವೇನೂ ಇಲ್ಲ. ಬಳೆ ಒಡೆದ ಮೇಲೆ ಅದು ಕವಚ ಕಟ್ಟಿಕೊಂಡು ಹೊರಬರಲಾರದು, ಇನ್ನೊಬ್ಬರಿಗೆ ಅಂಟಲಾರದು. ಅದಕ್ಕೇ ಈ ಕ್ಯಾನ್ಸರ್ ಇರುವವರನ್ನು ಮುಟ್ಟಿದರೆ, ಅವರೊಂದಿಗೆ ಊಟ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಆದರೆ ಹೊಲಿದುಕೊಂಡರಷ್ಟೇ ಸಾಲದು. ಲಾರ್ಜ್ ಟಿ ಪೂರ್ತಿಯಾಗಿ ಉಳಿದಿದ್ದರೆ ಏನಾಗುತ್ತದೆ ನೋಡಿ. ಅದು ತನ್ನ ಅಭ್ಯಾಸದಂತೆ ನಕಲು ಶುರುವಾಗುವ ಜಾಗವನ್ನು ಹುಡುಕಿ ಹಿಡಿಯುತ್ತದೆ. ಈಗ ಆ ಜಾಗ ಮನುಷ್ಯನ ವರ್ಣತಂತುವಿನ ಮಧ್ಯದಲ್ಲಿದೆ. ಕೋಶ ತನ್ನ ಡಿಎನ್‌ಎಯನ್ನು ಒಂದು ವಿಭಜನೆಗೆ ಒಂದೇ ಸಲ ನಕಲು ಮಾಡುವುದು ಕಟ್ಟುನಿಟ್ಟು. ಲಾರ್ಜ್ ಟಿ ಈ ಕಟ್ಟಳೆಗೆ ಬಗ್ಗುವುದಿಲ್ಲ, ಅದೇ ಬಿಂದುವಿನಿಂದ ಮತ್ತೆ ಮತ್ತೆ ನಕಲು ಆರಂಭಿಸುತ್ತದೆ. ಈರುಳ್ಳಿಯ ಪದರಗಳಂತೆ ನಕಲಿನ ಮೇಲೆ ನಕಲು ಪೇರಿಸಿಕೊಂಡು, ಒಂದಕ್ಕೊಂದು ಡಿಕ್ಕಿಯಾಗಿ, ವರ್ಣತಂತು ತುಂಡಾಗುತ್ತದೆ. ಕೋಶ ಸಾಯುತ್ತದೆ.

ಹಾಗಾಗಿ ಎರಡನೇ ಅವಘಡವೂ ಆಗಲೇಬೇಕು: ಲಾರ್ಜ್ ಟಿಯ ಹಿಂಭಾಗ ಕತ್ತರಿಸಿಹೋಗಬೇಕು. ಜೀನಿನಲ್ಲಿ ಒಂದು ಅಕ್ಷರ ಬದಲಾಗಿ ಅಕಾಲದಲ್ಲಿ ‘ನಿಲ್ಲು’ ಸಂಕೇತ ಮೂಡಬಹುದು, ಒಂದೆರಡು ಅಕ್ಷರ ಬಿಟ್ಟುಹೋಗಿ ಮುಂದಿನ ಓದೆಲ್ಲ ತಪ್ಪಬಹುದು, ಅಥವಾ ಬಳೆ ಒಡೆದದ್ದೇ ಆ ಭಾಗದಲ್ಲಿ ಇರಬಹುದು. ಶುಡಾ ಮತ್ತು ಸಂಗಡಿಗರು 2008ರಲ್ಲೇ ತೋರಿಸಿದ್ದು ಇದನ್ನು. ಗಡ್ಡೆಗಳಿಂದ ತೆಗೆದ ವೈರಸ್‌ಗಳಲ್ಲಿ ಲಾರ್ಜ್ ಟಿ ಬೇರೆ ಬೇರೆ ಜಾಗದಲ್ಲಿ ಮೊಟಕಾಗಿತ್ತು. ಹಗ್ಗ ಬಿಚ್ಚುವ ಹಿಂಭಾಗ ಹೋಗಿತ್ತು. ಕೋಶವನ್ನು ಎಬ್ಬಿಸುವ ಮುಂಭಾಗ ಮಾತ್ರ ಉಳಿದಿತ್ತು. ಕ್ಯಾನ್ಸರ್ ಇಲ್ಲದವರ ದೇಹದಲ್ಲಿರುವ ವೈರಸ್‌ನಲ್ಲಿ ಈ ಮೊಟಕು ಇರಲಿಲ್ಲ. ಯಾವ ಭಾಗ ಹೋಗಬೇಕೋ ಅದೇ ಹೋಗಿ, ಯಾವುದು ಉಳಿಯಬೇಕೋ ಅದೇ ಉಳಿದಿರುವುದನ್ನು ಗಡ್ಡೆಯಿಂದ ಗಡ್ಡೆಗೆ ನೋಡಿದರೆ, ಈ ವೈರಸ್ ಸುಮ್ಮನೆ ದಾರಿಹೋಕನಾಗಿ ಅಲ್ಲಿಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ ಬೇಕಿಲ್ಲ ಅನಿಸುತ್ತದೆ.

ಒಂದೊಂದೇ ವಿರಳ. ಎರಡೂ ಒಂದೇ ಕೋಶದಲ್ಲಿ ಆಗಿ, ಆ ಕೋಶ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೂ ಬೀಳದೆ ಉಳಿಯುವುದು ಇನ್ನೂ ವಿರಳ. ಎಲ್ಲರಲ್ಲೂ ಇರುವ ವೈರಸ್ ಲಕ್ಷಕ್ಕೊಬ್ಬರನ್ನೂ ಕಾಡದೇ ಇರುವುದು ಇದರಿಂದ.

ಲಾರ್ಜ್ ಟಿ ಬಿಡಿಸುವ ಹಿಡಿತ

ಕೋಶ ವಿಭಜನೆಗೆ ಇಳಿಯದಂತೆ ಹಿಡಿದಿಡುವ ಪ್ರೋಟೀನುಗಳಲ್ಲಿ ಆರ್‌ಬಿ ಮುಖ್ಯವಾದದ್ದು. ಮಕ್ಕಳ ಕಣ್ಣಿನ ಕ್ಯಾನ್ಸರ್ ರೆಟಿನೊಬ್ಲಾಸ್ಟೋಮಾದಲ್ಲಿ ಕೆಟ್ಟಿರುವುದು ಇದೇ, ಹೆಸರು ಬಂದದ್ದೂ ಅಲ್ಲಿಂದ. ಆರ್‌ಬಿ ತನ್ನ ತೆಕ್ಕೆಯಲ್ಲಿ ಇ2ಎಫ್ ಎಂಬ ಪ್ರೋಟೀನುಗಳನ್ನು ಹಿಡಿದಿರುತ್ತದೆ. ಇ2ಎಫ್ ಬಿಡುಗಡೆಯಾದರೆ ಡಿಎನ್‌ಎ ನಕಲಿಗೆ ಬೇಕಾದ ಜೀನುಗಳೆಲ್ಲ ಎದ್ದುಕೊಳ್ಳುತ್ತವೆ. ಆರೋಗ್ಯವಂತ ಕೋಶದಲ್ಲಿ ಈ ಬಿಡುಗಡೆಗೆ ಕ್ರಮವಿದೆ: ಬೆಳೆಯಲು ಹೊರಗಿನಿಂದ ಸೂಚನೆ ಬರಬೇಕು, ಸಿಡಿಕೆ4, ಸಿಡಿಕೆ6 ಎಂಬ ಕಿಣ್ವಗಳು ಆರ್‌ಬಿಗೆ ಫಾಸ್ಫೇಟ್ ಅಂಟಿಸಬೇಕು, ಆಗ ಹಿಡಿತ ಸಡಿಲವಾಗುತ್ತದೆ.

ಲಾರ್ಜ್ ಟಿ ಈ ಕ್ರಮವನ್ನೆಲ್ಲ ದಾಟಿ ನೇರ ಆರ್‌ಬಿಗೇ ಕೈಹಾಕುತ್ತದೆ. ಅದರ 212ನೇ ಸ್ಥಾನದಿಂದ ಐದು ಅಮೈನೊ ಆಮ್ಲಗಳನ್ನು ನೋಡಿ: ಮೊದಲನೆಯದು ಲ್ಯೂಸಿನ್, ಮೂರನೆಯದು ಸಿಸ್ಟೀನ್, ಐದನೆಯದು ಗ್ಲುಟಮಿಕ್ ಆಮ್ಲ. ನಡುವಿನ ಎರಡು ಯಾವುದಾದರೂ ನಡೆಯುತ್ತದೆ. ಆರ್‌ಬಿಯ ಮೈಮೇಲಿರುವ ಒಂದು ತೋಡಿಗೆ ಈ ಐದಕ್ಷರ ಬೀಗಕ್ಕೆ ಕೀಲಿ ಕೂತಂತೆ ಕೂರುತ್ತದೆ. ಲಾರ್ಜ್ ಟಿಯ ತಲೆಭಾಗ ಕೋಶದ್ದೇ ಆದ ಒಂದು ಸಹಾಯಕ ಪ್ರೋಟೀನನ್ನು ಕರೆತಂದು, ಅದರ ಶಕ್ತಿಯಿಂದ ಆರ್‌ಬಿ ಮತ್ತು ಇ2ಎಫ್ ಜೋಡಿಯನ್ನು ಬೇರ್ಪಡಿಸುತ್ತದೆ. ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿಯ ಇ7 ಪ್ರೋಟೀನಿನಲ್ಲೂ ಇದೇ ಮಾದರಿಯ ಐದಕ್ಷರವಿದೆ. ಬೇರೆ ಬೇರೆಯಾದ ಎರಡು ವೈರಸ್ ಕುಲಗಳು ಒಂದೇ ಬೀಗಕ್ಕೆ ಒಂದೇ ಕೀಲಿ ಮಾಡಿಕೊಂಡಿವೆ.

ಕೀಲಿ ಗಡ್ಡೆಗೆ ಎಷ್ಟು ಮುಖ್ಯ? ಪ್ರಯೋಗಾಲಯದಲ್ಲಿ ಬೆಳೆಸಿದ, ವೈರಸ್ ಇರುವ ಮರ್ಕೆಲ್ ಕ್ಯಾನ್ಸರ್ ಕೋಶಗಳಲ್ಲಿ ಟಿ ಪ್ರೋಟೀನುಗಳ ಉತ್ಪಾದನೆಯನ್ನು ನಿಲ್ಲಿಸಿ ನೋಡಲಾಗಿದೆ. ಜರ್ಮನಿಯ ರೋಲಂಡ್ ಹೌಬೆನ್ ಅವರ ತಂಡ 2010ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಕೋಶಗಳ ಬೆಳವಣಿಗೆ ನಿಂತಿತು, ಅನೇಕವು ಸತ್ತವು. ವೈರಸ್ ಇಲ್ಲದ ಕೋಶಗಳಿಗೆ ಏನೂ ಆಗಲಿಲ್ಲ. ಮುಂದೆ ಹೊರಗಿನಿಂದ ಲಾರ್ಜ್ ಟಿ ವಾಪಸು ಕೊಟ್ಟಾಗ ಕೋಶಗಳು ಚೇತರಿಸಿಕೊಂಡವು. ಆರ್‌ಬಿ ಹಿಡಿಯುವ ಕೀಲಿಯನ್ನು ಕೆಡಿಸಿದ ಲಾರ್ಜ್ ಟಿ ಕೊಟ್ಟಾಗ ಚೇತರಿಸಿಕೊಳ್ಳಲಿಲ್ಲ. ಅಂದರೆ ವೈರಸ್ ಬೆಂಕಿ ಹಚ್ಚಿ ಓಡಿಹೋಗಿಲ್ಲ, ದಿನದಿನವೂ ಸೌದೆ ಒಟ್ಟುತ್ತಲೇ ಇದೆ. ವರ್ಷಗಳ ನಂತರವೂ ಗಡ್ಡೆ ಆ ಪ್ರೋಟೀನುಗಳ ಮೇಲೇ ನಿಂತಿರುತ್ತದೆ.

ಪಿ53ರ ಒಗಟು, ಸ್ಮಾಲ್ ಟಿಯ ಉತ್ತರ

ಇಲ್ಲೊಂದು ತೊಡಕಿದೆ. ಅನುಮತಿಯಿಲ್ಲದೆ ಡಿಎನ್‌ಎ ನಕಲಿಗೆ ಇಳಿದ ಕೋಶವನ್ನು ತಡೆಯಲು, ಬೇಕಾದರೆ ಕೊಲ್ಲಲು, ಪಿ53 ಎಂಬ ಇನ್ನೊಂದು ಪ್ರೋಟೀನ್ ಕಾವಲಿದೆ. ಆರ್‌ಬಿಯನ್ನು ಮಾತ್ರ ಕೆಡಿಸಿದರೆ ಪಿ53 ಎಚ್ಚೆತ್ತು ಕೋಶವನ್ನು ಮುಗಿಸಬೇಕು. ಎಚ್‌ಪಿವಿ ಇದಕ್ಕೆ ಇ6 ಎಂಬ ಪ್ರತ್ಯೇಕ ಪ್ರೋಟೀನ್ ಇಟ್ಟುಕೊಂಡಿದೆ, ಅದು ಪಿ53ಅನ್ನು ನಾಶ ಮಾಡಿಸುತ್ತದೆ. ಮಂಗಗಳ ಪಾಲಿಯೋಮಾ ವೈರಸ್ ಎಸ್‌ವಿ40ರ ಲಾರ್ಜ್ ಟಿ ಪಿ53ಅನ್ನು ನೇರ ಹಿಡಿಯುತ್ತದೆ. 1979ರಲ್ಲಿ ಪಿ53 ಮೊದಲು ಪತ್ತೆಯಾದದ್ದೇ ಆ ಹಿಡಿತದಲ್ಲಿ. ಆದರೆ ಮರ್ಕೆಲ್ ಗಡ್ಡೆಯ ಮೊಟಕು ಲಾರ್ಜ್ ಟಿ ಪಿ53ಅನ್ನು ಹಿಡಿಯುವುದಿಲ್ಲ. ವೈರಸ್ ಇರುವ ಗಡ್ಡೆಗಳಲ್ಲಿ ಪಿ53 ಜೀನು ಸಾಮಾನ್ಯವಾಗಿ ಕೆಟ್ಟಿರುವುದೂ ಇಲ್ಲ. ಹಾಗಾದರೆ ಕಾವಲುಗಾರನನ್ನು ಸುಮ್ಮನಾಗಿಸಿದವರು ಯಾರು?

ಬಹುಕಾಲ ಸಿಗದಿದ್ದ ಉತ್ತರ ಸಿಕ್ಕಿದ್ದು ಸ್ಮಾಲ್ ಟಿಯಲ್ಲಿ. ಬಾಸ್ಟನ್ನಿನ ಜೇಮ್ಸ್ ಡಿಕಾಪ್ರಿಯೊ ಅವರ ತಂಡ 2017ರಲ್ಲಿ ತೋರಿಸಿದ ಪ್ರಕಾರ, ಸ್ಮಾಲ್ ಟಿ ಕೋಶದ ಎರಡು ವಸ್ತುಗಳನ್ನು ಒಂದುಗೂಡಿಸುತ್ತದೆ. ಒಂದು ಮಿಕ್-ಎಲ್, ಬೆಳವಣಿಗೆಯ ಜೀನುಗಳನ್ನು ಎಬ್ಬಿಸುವ ಪ್ರೋಟೀನ್. ಇನ್ನೊಂದು ಇಪಿ400, ಸುರುಳಿ ಸುತ್ತಿಟ್ಟ ಡಿಎನ್‌ಎಯನ್ನು ಸಡಿಲಿಸಿ ಜೀನುಗಳನ್ನು ತೆರೆಯುವ ದೊಡ್ಡ ಯಂತ್ರ. ಸಾಮಾನ್ಯವಾಗಿ ತಮ್ಮ ತಮ್ಮ ಕೆಲಸ ನೋಡಿಕೊಳ್ಳುವ ಇವೆರಡನ್ನು ಸ್ಮಾಲ್ ಟಿ ಜೋಡಿ ಮಾಡಿ ಅನೇಕ ಜೀನುಗಳ ಮೇಲೆ ಕೂರಿಸುತ್ತದೆ. ಹಾಗೆ ಎದ್ದುಕೊಳ್ಳುವ ಜೀನುಗಳಲ್ಲಿ ಎಂಡಿಎಂ2 ಕೂಡ ಒಂದು. ಎಂಡಿಎಂ2ರ ಕಸುಬೇ ಪಿ53ಅನ್ನು ಗುರುತು ಮಾಡಿ ಕೋಶದ ಚೂರುಯಂತ್ರಕ್ಕೆ ಕಳಿಸುವುದು. ಕಾವಲುಗಾರ ಇದ್ದಾನೆ, ಆದರೆ ಕೆಲಸಕ್ಕೆ ಬರುವ ಮೊದಲೇ ಅವನನ್ನು ಹೊರಗೆ ಸಾಗಿಸಲಾಗುತ್ತಿದೆ.

ಇದರಿಂದ ಔಷಧದ ದಾರಿಯೊಂದು ತೆರೆದಿದೆ. ಎಂಡಿಎಂ2ಅನ್ನು ತಡೆದರೆ ಪಿ53 ಮತ್ತೆ ತಲೆಯೆತ್ತಬೇಕು, ಯಾಕೆಂದರೆ ಅದರ ಜೀನು ಸರಿಯಾಗಿಯೇ ಇದೆ. ಇಂಥ ಔಷಧಗಳು ಇನ್ನೂ ಪ್ರಯೋಗದ ಹಂತದಲ್ಲಿವೆ. ಸ್ತನ ಕ್ಯಾನ್ಸರಿಗೆ ಬಳಸುವ ಸಿಡಿಕೆ4/6 ತಡೆಯುವ ಮಾತ್ರೆಗಳಿಂದ ಮಾತ್ರ ಇಲ್ಲಿ ಹೆಚ್ಚು ನಿರೀಕ್ಷಿಸುವಂತಿಲ್ಲ. ಅವು ಕೆಲಸ ಮಾಡುವುದು ಆರ್‌ಬಿಯನ್ನು ಬಲಪಡಿಸಿ, ಮತ್ತು ಇಲ್ಲಿ ಆರ್‌ಬಿ ಮೊದಲೇ ಲಾರ್ಜ್ ಟಿಯ ಕೈಯಲ್ಲಿ ಸಿಕ್ಕಿಬಿದ್ದಿದೆ.

ಸ್ಮಾಲ್ ಟಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಕೋಶದಲ್ಲಿ ಪ್ರೋಟೀನ್ ತಯಾರಿಕೆಯ ವೇಗಕ್ಕೆ 4ಇ-ಬಿಪಿ1 ಎಂಬ ಬ್ರೇಕ್ ಇದೆ. ಸ್ಮಾಲ್ ಟಿ ಇರುವ ಕೋಶಗಳಲ್ಲಿ ಈ ಬ್ರೇಕಿಗೆ ವಿಪರೀತ ಫಾಸ್ಫೇಟ್ ಅಂಟಿ ಅದು ನಿಷ್ಕ್ರಿಯವಾಗುತ್ತದೆ. ಪಿಟ್ಸ್‌ಬರ್ಗ್ ತಂಡ 2011ರಲ್ಲಿ ಇದನ್ನು ತೋರಿಸಿತು. ಅದೇ ಅಧ್ಯಯನದಲ್ಲಿ ಇಲಿಯ ಕೋಶಗಳಿಗೆ ಸ್ಮಾಲ್ ಟಿ ಒಂದನ್ನೇ ಕೊಟ್ಟರೂ ಅವು ಕ್ಯಾನ್ಸರ್ ಕೋಶಗಳಂತೆ ವರ್ತಿಸತೊಡಗಿದವು. ಲಾರ್ಜ್ ಟಿ ಒಂದನ್ನೇ ಕೊಟ್ಟಾಗ ಹಾಗಾಗಲಿಲ್ಲ. ಅಲ್ಲಿಯವರೆಗೆ ಪಾಲಿಯೋಮಾ ವೈರಸ್ ಎಂದರೆ ಲಾರ್ಜ್ ಟಿಯೇ ಯಜಮಾನ, ಸ್ಮಾಲ್ ಟಿ ಕೈಯಾಳು ಎಂದುಕೊಂಡಿದ್ದವರು ಲೆಕ್ಕ ತಿರುವಿಹಾಕಬೇಕಾಯಿತು.

ವೈರಸ್ ಇಲ್ಲದ ಮರ್ಕೆಲ್ ಕ್ಯಾನ್ಸರ್

ಅಮೆರಿಕ, ಯುರೋಪುಗಳಲ್ಲಿ ಈ ಕ್ಯಾನ್ಸರಿನ ಸುಮಾರು ಶೇ 80ರಲ್ಲಿ ವೈರಸ್ ಇರುತ್ತದೆ. ಬಿಸಿಲಿನ ಆಸ್ಟ್ರೇಲಿಯಾದಲ್ಲಿ ಲೆಕ್ಕ ಉಲ್ಟಾ, ಅಲ್ಲಿ ವೈರಸ್ ಇಲ್ಲದವೇ ಹೆಚ್ಚು. ಅವುಗಳ ಡಿಎನ್‌ಎಯಲ್ಲಿ ನೇರಳಾತೀತ ಕಿರಣ ಮಾಡಿದ ಗಾಯದ ಗುರುತು ತುಂಬಿತುಳುಕುತ್ತದೆ. 2016ರ ಒಂದು ಅಧ್ಯಯನದಲ್ಲಿ ವೈರಸ್ ಇಲ್ಲದ ಗಡ್ಡೆಯ ಪ್ರೋಟೀನ್ ಸೂಚಿಸುವ ಭಾಗದಲ್ಲಿ ಮಧ್ಯಮಾಂಕ 1,121 ರೂಪಾಂತರ, ವೈರಸ್ ಇರುವುದರಲ್ಲಿ 12.5. ಆ ಸಾವಿರದಲ್ಲಿ ಪದೇಪದೇ ಕಾಣುವ ಹೆಸರುಗಳು ಯಾವುವು ಗೊತ್ತೇ? ಆರ್‌ಬಿ ಮತ್ತು ಪಿ53. ಬಿಸಿಲು ಸಾವಿರ ಪೆಟ್ಟು ಹಾಕಿ ಮುರಿದ ಎರಡು ಜೀನುಗಳ ಕೆಲಸವನ್ನೇ ವೈರಸ್ ಎರಡು ಪ್ರೋಟೀನುಗಳಿಂದ ಮುರಿಯುತ್ತದೆ. ಇಡೀ ವಿಷಯದಲ್ಲಿ ನೆನಪಿಟ್ಟುಕೊಳ್ಳಲೇಬೇಕಾದ ಹೋಲಿಕೆ ಯಾವುದೆಂದು ಕೇಳಿದರೆ ಇದನ್ನೇ ಹೇಳಬೇಕು.

ಗಂಟು ಕಂಡಾಗ

ನೋವಿಲ್ಲದ, ಗಟ್ಟಿಯಾದ, ಹೊಳಪಿನ ಗಂಟು. ಬಣ್ಣ ಕೆಂಪು, ನೇರಳೆ ಅಥವಾ ಚರ್ಮದ್ದೇ. ಹೆಚ್ಚಾಗಿ ಮುಖ, ಕುತ್ತಿಗೆ, ತೋಳುಗಳಂಥ ಬಿಸಿಲು ಬೀಳುವ ಜಾಗದಲ್ಲಿ. ವಯಸ್ಸು ಸಾಮಾನ್ಯವಾಗಿ 50 ದಾಟಿರುತ್ತದೆ. ವಾರದಿಂದ ವಾರಕ್ಕೆ ದೊಡ್ಡದಾಗುತ್ತಿರುತ್ತದೆ. ನೋವಿಲ್ಲ ಎಂಬುದೇ ಮೋಸ ಮಾಡುತ್ತದೆ. 195 ರೋಗಿಗಳ ಒಂದು ಅಧ್ಯಯನದಲ್ಲಿ ಶೇ 56 ಗಂಟುಗಳನ್ನು ಬಯಾಪ್ಸಿ ಮಾಡುವಾಗ ವೈದ್ಯರೇ ಅಪಾಯವಿಲ್ಲದ್ದು ಎಂದುಕೊಂಡಿದ್ದರು, ಹೆಚ್ಚಾಗಿ ನೀರುಗಂಟು ಅಥವಾ ಮೊಡವೆ ಎಂದು. ಕಪ್ಪು ಮಚ್ಚೆ ಹುಡುಕುವ ಕಣ್ಣಿಗೆ ಇದು ಬೀಳುವುದಿಲ್ಲ. ಬಿಳಿ ಚರ್ಮದವರಿಗೆ ಹೋಲಿಸಿದರೆ ನಮ್ಮಂಥ ಮೈಬಣ್ಣದವರಲ್ಲಿ ಇದು ತುಂಬ ಕಡಿಮೆ, ಅದರಿಂದಲೇ ಇಲ್ಲಿ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ಒಂದೆರಡು ತಿಂಗಳಲ್ಲಿ ಬೆಳೆದ ನೋವಿಲ್ಲದ ಗಂಟನ್ನು ಬಯಾಪ್ಸಿ ಮಾಡಿಸದೆ ಬಿಡಬಾರದು.

ಬಯಾಪ್ಸಿ ತುಣುಕಿನಲ್ಲಿ ಸಣ್ಣ, ನೀಲಿ, ದುಂಡು ಕೋಶಗಳು ಕಾಣುತ್ತವೆ. ಶ್ವಾಸಕೋಶದ ಸ್ಮಾಲ್ ಸೆಲ್ ಕ್ಯಾನ್ಸರ್ ಚರ್ಮಕ್ಕೆ ಹರಡಿದಾಗಲೂ ಹೀಗೇ ಕಾಣಬಹುದು. ಬೇರ್ಪಡಿಸಲು ಬಣ್ಣದ ಪರೀಕ್ಷೆ ಬೇಕು. ಮರ್ಕೆಲ್‌ನಲ್ಲಿ ಸಿಕೆ20 ಎಂಬ ಪ್ರೋಟೀನ್ ಕೋಶಕೇಂದ್ರದ ಪಕ್ಕದಲ್ಲಿ ಚುಕ್ಕಿಯಂತೆ ಬಣ್ಣ ಹಿಡಿಯುತ್ತದೆ, ಟಿಟಿಎಫ್-1 ಎಂಬ ಇನ್ನೊಂದು ಪ್ರೋಟೀನ್ ಸಾಮಾನ್ಯವಾಗಿ ಹಿಡಿಯುವುದಿಲ್ಲ. ಶ್ವಾಸಕೋಶದ್ದರಲ್ಲಿ ಹೆಚ್ಚಾಗಿ ಇದರ ತದ್ವಿರುದ್ಧ.

ವೈರಸ್ ಇದೆಯೇ ಎಂದು ನೋಡುವಾಗ ಎಡವುವ ಜಾಗ ಪಿಸಿಆರ್. ಈ ವೈರಸ್ ಬಹುಪಾಲು ಜನರ ಚರ್ಮದಲ್ಲಿ ಇರುವುದರಿಂದ, ಸೂಕ್ಷ್ಮವಾದ ಪಿಸಿಆರ್ ಯಾರ ಚರ್ಮದ ಚೂರಿನಲ್ಲಾದರೂ ಪಾಸಿಟಿವ್ ತೋರಿಸಬಹುದು. ಎಷ್ಟು ಪ್ರತಿಗಳಿವೆ ಎಂದು ಎಣಿಸಬೇಕು, ಅಥವಾ ಗಡ್ಡೆಯ ಕೋಶಗಳ ಒಳಗೇ ಲಾರ್ಜ್ ಟಿ ಪ್ರೋಟೀನ್ ಇರುವುದನ್ನು ಸಿಎಂ2ಬಿ4 ಎಂಬ ಪ್ರತಿಕಾಯದಿಂದ ಬಣ್ಣ ಹಾಕಿ ಕಣ್ಣಾರೆ ನೋಡಬೇಕು. ರಕ್ತದಲ್ಲಿ ಹೊರಕವಚದ ವಿರುದ್ಧ ಪ್ರತಿಕಾಯವಿದ್ದರೆ ಅದಕ್ಕೆ ಅರ್ಥವಿಲ್ಲ, ಬಹುಪಾಲು ಜನರಲ್ಲಿ ಇದ್ದೇ ಇರುತ್ತದೆ. ಟಿ ಪ್ರೋಟೀನಿನ ವಿರುದ್ಧದ ಪ್ರತಿಕಾಯ ಬೇರೆ. ಆರೋಗ್ಯವಂತರಲ್ಲಿ ಅದು ವಿರಳ, ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಸಿಗುತ್ತದೆ. ಅದರ ಮಟ್ಟ ಚಿಕಿತ್ಸೆಯ ನಂತರ ಇಳಿಯುತ್ತದೆ, ಮತ್ತೆ ಏರಿದರೆ ಗಡ್ಡೆ ಮರಳುತ್ತಿರಬಹುದು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ಪರೀಕ್ಷೆ ಅಮೆರಿಕದಲ್ಲಿ ಬಳಕೆಯಲ್ಲಿದೆ.

ಅದೇ ಪ್ರೋಟೀನು, ಗುರಿಯಾಗಿ

ಗಡ್ಡೆ ಒಂದೇ ಜಾಗದಲ್ಲಿದ್ದರೆ ಸುತ್ತಲಿನ 1ರಿಂದ 2 ಸೆಂಟಿಮೀಟರ್ ಚರ್ಮದೊಂದಿಗೆ ತೆಗೆಯುತ್ತಾರೆ. ಕೈಗೆ ಸಿಗುವಂಥ ಗ್ರಂಥಿ ಇಲ್ಲದಿದ್ದರೂ ಹತ್ತಿರದ ಮೊದಲ ದುಗ್ಧಗ್ರಂಥಿಯನ್ನು ತೆಗೆದು ನೋಡುವುದು ಮುಖ್ಯ. ಅಂಥವರಲ್ಲೂ ಸುಮಾರು ಮೂವರಲ್ಲಿ ಒಬ್ಬರಿಗೆ ಅಲ್ಲಿ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಕ್ಯಾನ್ಸರ್ ಇರುತ್ತದೆ. ಈ ಹಂತವನ್ನು ಬಿಟ್ಟು ಬರೀ ಗಂಟು ಕೆತ್ತಿಸಿಕೊಂಡು ಮನೆಗೆ ಹೋಗುವುದು ದೊಡ್ಡ ತಪ್ಪು. ಅನೇಕರಿಗೆ ನಂತರ 50ರಿಂದ 60 ಗ್ರೇ (ವಿಕಿರಣದ ಅಳತೆ) ರೇಡಿಯೇಷನ್ ಕೊಡುತ್ತಾರೆ, ಈ ಕೋಶಗಳು ಅದಕ್ಕೆ ಚೆನ್ನಾಗಿ ಬಗ್ಗುತ್ತವೆ. ಮರಳುವುದಾದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲಿ, ಆ ಅವಧಿಯಲ್ಲಿ 3ರಿಂದ 6 ತಿಂಗಳಿಗೊಮ್ಮೆ ತಪಾಸಣೆ ತಪ್ಪಿಸಬಾರದು. ಅಮೆರಿಕದ 9,387 ರೋಗಿಗಳ ಲೆಕ್ಕದಲ್ಲಿ ಐದು ವರ್ಷ ಬದುಕಿದವರು, ರೋಗ ಮೂಲ ಜಾಗದಲ್ಲಷ್ಟೇ ಇದ್ದಾಗ ಶೇ 51, ದುಗ್ಧಗ್ರಂಥಿಗೆ ಹೋಗಿದ್ದಾಗ ಶೇ 35, ದೂರಕ್ಕೆ ಹರಡಿದ್ದಾಗ ಶೇ 14. ಇದು ಮುಂದೆ ಹೇಳುವ ಔಷಧಗಳು ಬಳಕೆಗೆ ಬರುವ ಮುಂಚಿನ ರೋಗಿಗಳ ಲೆಕ್ಕ.

ಟಿ ಪ್ರೋಟೀನುಗಳು ನಮ್ಮ ದೇಹಕ್ಕೆ ಪರಕೀಯ, ಗಡ್ಡೆ ಅವನ್ನು ಬಿಟ್ಟು ಬದುಕಲಾರದು. ರೋಗನಿರೋಧಕ ಟಿ-ಕೋಶಗಳಿಗೆ ಇದಕ್ಕಿಂತ ಒಳ್ಳೆಯ ಗುರುತು ಬೇಕೆ? ಆ ಟಿ-ಕೋಶಗಳು ಗಡ್ಡೆಯಲ್ಲಿ ಇರುತ್ತವೆ ಕೂಡ, ಆದರೆ ಪಿಡಿ-1 ಎಂಬ ಸ್ವಿಚ್ಚಿನಿಂದ ಅವನ್ನು ಸುಮ್ಮನಿರಿಸಲಾಗಿರುತ್ತದೆ. ಆ ಸ್ವಿಚ್ ತಡೆಯುವ ಪೆಂಬ್ರೊಲಿಝುಮ್ಯಾಬ್ ಔಷಧವನ್ನು ರೋಗ ಹರಡಿದವರಿಗೆ ಮೊದಲ ಔಷಧವಾಗಿ ಕೊಟ್ಟ 2016ರ ಅಧ್ಯಯನದಲ್ಲಿ, ಪರೀಕ್ಷಿಸಲು ಸಾಧ್ಯವಾದ 25 ಜನರಲ್ಲಿ 14 ಜನರ ಗಡ್ಡೆ ಕುಗ್ಗಿತು. ವೈರಸ್ ಇದ್ದವರಲ್ಲೂ ಇಲ್ಲದವರಲ್ಲೂ ಫಲ ಕಂಡಿತು. ವೈರಸ್ ಇಲ್ಲದ ಗಡ್ಡೆಯ ಸಾವಿರ ರೂಪಾಂತರಗಳೂ ಟಿ-ಕೋಶದ ಕಣ್ಣಿಗೆ ಪರಕೀಯವೇ. 2017ರ ಮಾರ್ಚ್‌ನಲ್ಲಿ ಅವೆಲುಮ್ಯಾಬ್ ಈ ಕ್ಯಾನ್ಸರಿಗೆಂದು ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧವಾಯಿತು.

ಎಲ್ಲರಿಗೂ ಫಲ ಸಿಗದಿರಲು ಒಂದು ಕಾರಣ ಗೊತ್ತಿದೆ. ಕೋಶ ತನ್ನೊಳಗಿನ ಪ್ರೋಟೀನಿನ ಚೂರುಗಳನ್ನು ಎಚ್‌ಎಲ್‌ಎ ಎಂಬ ತಟ್ಟೆಯ ಮೇಲಿಟ್ಟು ಹೊರಗೆ ತೋರಿಸುತ್ತದೆ, ಟಿ-ಕೋಶ ಅದನ್ನು ನೋಡಿಯೇ ಗುರುತಿಸಬೇಕು. ಟಿ ಪ್ರೋಟೀನುಗಳನ್ನು ಬಿಸಾಡಲು ಆಗದ ಗಡ್ಡೆ ತಟ್ಟೆಯನ್ನೇ ಒಳಗಿಡುತ್ತದೆ. ಎಷ್ಟೋ ಗಡ್ಡೆಗಳಲ್ಲಿ ತಟ್ಟೆಯ ಜೀನು ಹಾಳಾಗಿರುವುದಿಲ್ಲ, ಸುಮ್ಮನೆ ಮುಚ್ಚಿರುತ್ತದೆ. ಅದನ್ನು ಮತ್ತೆ ತೆರೆಸುವ ಪ್ರಯತ್ನಗಳು ನಡೆಯುತ್ತಿವೆ.

ಕಿಡ್ನಿ ಕಸಿ ಮಾಡಿಸಿಕೊಂಡು, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್‌ನಂಥ ಮಾತ್ರೆಗಳನ್ನು ಜೀವನವಿಡೀ ನುಂಗುತ್ತಿರುವವರು ಕರ್ನಾಟಕದಲ್ಲೂ ಬಹಳ ಮಂದಿ ಇದ್ದಾರೆ. ಅಮೆರಿಕದಲ್ಲಿ ಕಸಿ ಆದವರಲ್ಲಿ ಈ ಕ್ಯಾನ್ಸರ್ ಸುಮಾರು 24 ಪಟ್ಟು ಹೆಚ್ಚು ಕಂಡಿದೆ. ಮೂಲ ಅಪಾಯವೇ ಅತಿ ಕಡಿಮೆಯಾದ್ದರಿಂದ ಹೆದರಬೇಕಿಲ್ಲ, ವರ್ಷಕ್ಕೊಮ್ಮೆ ಚರ್ಮದ ವೈದ್ಯರಿಗೆ ಮೈಯೆಲ್ಲ ತೋರಿಸಿಕೊಂಡರೆ ಸಾಕು. ಅಂಥವರಲ್ಲಿ ಕ್ಯಾನ್ಸರ್ ಕಂಡರೆ ಚಿಕಿತ್ಸೆ ಕಠಿಣ. ಪಿಡಿ-1 ತಡೆಯುವ ಔಷಧದಿಂದ ಎಚ್ಚೆತ್ತ ಟಿ-ಕೋಶಗಳು ಗಡ್ಡೆಯ ಜೊತೆಗೆ ಕಸಿ ಮಾಡಿದ ಕಿಡ್ನಿಯ ಮೇಲೂ ಬೀಳಬಹುದು. ಕಸಿಯ ಮಾತ್ರೆಯನ್ನು ಎಷ್ಟು ಇಳಿಸಬೇಕು, ಯಾವುದನ್ನು ಬದಲಿಸಬೇಕು ಎಂಬುದನ್ನು ಕಿಡ್ನಿ ತಜ್ಞರೂ ಕ್ಯಾನ್ಸರ್ ತಜ್ಞರೂ ಒಟ್ಟಿಗೆ ಕೂತು ತೀರ್ಮಾನಿಸಬೇಕು. ರೋಗಿ ತಾನಾಗಿಯೇ ಒಂದು ದಿನವೂ ಮಾತ್ರೆ ಬಿಡಕೂಡದು.